ಡಾಕ್ಟರ ಕಾರಿನ ಬಾಯಾರಿಕೆ

ಮೋಟಾರು ರಿಪೇರಿಯಲ್ಲಿ ಗಾಡಿಗಿಂತ ಗಾಡಿಯ ಸುತ್ತ ನಿಂತವರೇ ನನ್ನನ್ನು ಹೆಚ್ಚು ನಗಿಸಿದ್ದಾರೆ. ವಾರಕ್ಕೊಂದಾದರೂ ಅಂಥದ್ದು ನಡೆಯುತ್ತಲೇ ಇತ್ತು. ಐವತ್ತರ ದಶಕ ಮುಗಿಯುತ್ತಿದ್ದ ಕಾಲ. ಶಿಕಾರಿಪುರದ ಬಸ್ ಸ್ಟ್ಯಾಂಡಿನ ಹಿಂದೆ ನನ್ನದೊಂದು ತಗಡಿನ ಶೆಡ್ಡು. ಸದ್ದು ಕೇಳಿಯೇ ಯಾರ ಕಾರು, ಏನು ಕೆಟ್ಟಿದೆ ಅಂತ ಹೇಳುತ್ತಿದ್ದೆ. ಜಂಬವಲ್ಲ, ಹತ್ತರಲ್ಲಿ ಒಂಬತ್ತು ಸಲ ಸರಿಯಾಗಿರುತ್ತಿತ್ತು. ಹತ್ತನೆಯದು ಸೊರಬದ ಡಾಕ್ಟರ ಕಾರು.

೧. ಕಾಯಿಲೆಯ ಹೆಸರು

ಡಾಕ್ಟರು ಕಾರಿನಿಂದ ಇಳಿಯುತ್ತಲೇ ರೋಗ ಹೇಳಿದರು. "ಮೇಸ್ತ್ರಿ, ಇಂಜೆಕ್ಷನ್ನಿಗೆ ತರಿಸಿದ ಶುದ್ಧ ನೀರನ್ನೆಲ್ಲ ಈ ಬ್ಯಾಟರಿಯೇ ಕುಡಿದುಬಿಡ್ತು. ಎಷ್ಟು ಕುಡಿಸಿದರೂ ಮೂರು ದಿನಕ್ಕೆ ಒಣಗಿರುತ್ತೆ. ಮನುಷ್ಯ ಆಗಿದ್ದರೆ ಸಿಹಿಮೂತ್ರ ಅಂತ ಬರೆದುಬಿಡ್ತಿದ್ದೆ."

ಬ್ಯಾಟರಿ ಮುಟ್ಟಿದೆ. ಕೈ ಸುಡುವಷ್ಟು ಬಿಸಿ.

"ಅಲ್ಲ ಸಾರ್, ಇದು ಊಟ ಹೆಚ್ಚಾಗಿರೋದು. ಡೈನಮೋ ಬಡಿಸುತ್ತೆ. ಹೊಟ್ಟೆ ತುಂಬಿದ ಮೇಲೆ ಸಾಕು ಅನ್ನೋದು ಈ ರೆಗ್ಯುಲೇಟರ್ ಡಬ್ಬಿಯ ಕೆಲಸ. ಅದು ಸಾಕು ಅನ್ನುತ್ತಿಲ್ಲ. ತುರುಕಿದ್ದೇ ತುರುಕಿದ್ದು, ನೀರೆಲ್ಲ ಕುದ್ದು ಹೋಗ್ತಿದೆ."

ಡಾಕ್ಟರು ಯೋಚಿಸಿ ತಲೆಯಾಡಿಸಿದರು. "ಹಾಗಾದರೆ ಸಿಹಿಮೂತ್ರ ಅಲ್ಲ ಬಿಡ್ರಿ. ಬೀಗರ ಊಟ."

೨. ತೊಗರ್ಸಿಯ ಪಂಚೆ

ಡಬ್ಬಿಯ ಮುಚ್ಚಳ ತೆಗೆದು, ಒಳಗಿನ ಪಾಯಿಂಟು ಉಜ್ಜಿ, "ಇನ್ನು ಐದು ವರ್ಷ ಈ ಕಡೆ ತಲೆ ಹಾಕಬೇಡಿ" ಅಂತ ಕಳಿಸಿಕೊಟ್ಟೆ.

ಹತ್ತು ದಿನಕ್ಕೆ ತೊಗರ್ಸಿಯ ಪಟೇಲರು ಶೆಡ್ಡಿಗೆ ಬಂದರು. ಹಿಂದೆಯೇ ಅವರ ಅಗಸ, ಕೈಯಲ್ಲೊಂದು ಬಿಳಿ ಪಂಚೆ. ಪಂಚೆಯ ತುಂಬ ತೂತು.

"ಹೊಸ ಪಂಚೆ ಕಣ್ರೀ. ಒಂದೇ ಒಗೆತಕ್ಕೆ ಈ ಗತಿ ಮಾಡಿದಾನೆ" ಅಂದರು ಪಟೇಲರು.

"ನಾನಲ್ಲ ಸ್ವಾಮಿ. ಮೊನ್ನೆ ಇವರು ಇದನ್ನುಟ್ಟು ಡಾಕ್ಟರ ಕಾರಲ್ಲಿ ಕೂತು ಬಂದಿದ್ರು. ಅದಕ್ಕೇ ಕಾರಿನ ಮೇಸ್ತ್ರೀನ ಕೇಳಾನ ಬರ್ರಿ ಅಂದೆ" ಅಂದ ಅಗಸ.

ನನಗೆ ಗೊತ್ತಾಗಿಹೋಯಿತು. ಆ ಕಾರಿನ ಬ್ಯಾಟರಿ ಇದ್ದದ್ದು ಹಿಂದಿನ ಸೀಟಿನ ಕೆಳಗೆ. ಕುದ್ದ ಆಸಿಡ್ಡು ಸೀಟಿಗೆ ಹಾರಿದೆ, ಸೀಟಿನಿಂದ ಪಂಚೆಗೆ ಹತ್ತಿದೆ. ಒಗೆಯುವ ತನಕ ಆ ತೂತು ಕಾಣುವುದಿಲ್ಲ. ಅಂದರೆ ನನ್ನ ರಿಪೇರಿ ಫಲಿಸಿಲ್ಲ! ಅದನ್ನು ಬಾಯಿಬಿಟ್ಟು ಹೇಳುವುದು ಹೇಗೆ ಅಂತ ನಾನು ತಡವರಿಸುತ್ತಿದ್ದಾಗ ಪಟೇಲರು ಮತ್ತೆ ಗದರಿದರು, "ಕಲ್ಲಿಗೆ ಬಡಿದು ಹರಿದು, ಕಾರಿನ ಮೇಲೆ ಹಾಕ್ತೀಯ?"

ಅಗಸ ಪಂಚೆಯನ್ನು ಅವರ ಬೆನ್ನಹಿಂದೆ ಅಳತೆಗೆ ಹಿಡಿದು ತೋರಿಸಿದ. "ನಾ ಬಡಿದಿದ್ರೆ ಎಲ್ಲಾ ಕಡೆ ಹರೀಬೇಕಿತ್ತಲ್ರೀ. ಬರೀ ಕುಂಡಿ ಜಾಗ ಹುಡುಕಿ ಬಡಿಯಾಕೆ ನಂಗೇನು ಗುರುತು ಹಾಕಿ ಕೊಟ್ಟಿದ್ರಾ?"

೩. ಹಸಿರು ಬಣ್ಣ

ಮರುದಿನ ಬೆಳಗಿನ ಬಸ್ಸಿಗೇ ಮೀಟರು ಹಿಡಿದುಕೊಂಡು ಸೊರಬಕ್ಕೆ ಹೋದೆ. ಇಂಜಿನ್ ಓಡಿಸಿ ನೋಡಿದರೆ ಹದಿನಾಲ್ಕು ಚಿಲ್ಲರೆ ವೋಲ್ಟಿಗೆ ನಿಲ್ಲಬೇಕಾದ ಮುಳ್ಳು ಹದಿನಾರು ದಾಟಿತ್ತು. ರೆಗ್ಯುಲೇಟರಿನಿಂದ ಡೈನಮೋಗೆ ಬರುವ ಸಣ್ಣ ತಂತಿ ಕಿತ್ತೆ. ಚಾರ್ಜು ನಿಂತಿತು. ಡೈನಮೋ ನಿರಪರಾಧಿ. ತಂತಿ ಮತ್ತೆ ಸಿಕ್ಕಿಸಿ, ರೆಗ್ಯುಲೇಟರ್ ಡಬ್ಬಿಯ ತಳಕ್ಕೂ ಕಾರಿನ ಕಬ್ಬಿಣಕ್ಕೂ ಒಂದು ತುಂಡು ತಂತಿ ಮುಟ್ಟಿಸಿದೆ. ಮುಳ್ಳು ಸರಕ್ಕನೆ ಹದಿನಾಲ್ಕಕ್ಕೆ ಇಳಿಯಿತು! ಅಂದರೆ ಡಬ್ಬಿ ಕಾರಿಗೆ ಅಂಟಿದಂತೆ ಕಂಡರೂ ಕರೆಂಟಿನ ಲೆಕ್ಕದಲ್ಲಿ ಅಂಟಿಯೇ ಇರಲಿಲ್ಲ. ಬ್ಯಾಟರಿಯ ಹೊಟ್ಟೆ ತುಂಬಿದ್ದು ಅದಕ್ಕೆ ತಿಳಿಯುವುದಾದರೂ ಹೇಗೆ?

ಸ್ಕ್ರೂ ಬಿಚ್ಚಿ ಎತ್ತಿದೆ. ಕೆಳಗೆ ಕರೆಂಟು ದಾಟದಷ್ಟು ದಪ್ಪನೆಯ ಹಸಿರು ಬಣ್ಣ.

"ಆಯುಧಪೂಜೆಗೆ ನಾನೇ ಬಳಿದದ್ದು. ಡಬ್ಬಿ ಬಿಚ್ಚಿ ಎರಡು ಕೋಟು ಹೊಡೆದೆ" ಅಂದ ಡಾಕ್ಟರ ಡ್ರೈವರು ಹೆಮ್ಮೆಯಿಂದ.

ನಾನು ಚಾಕು ತೆಗೆದು ಕಬ್ಬಿಣ ಹೊಳೆಯುವ ತನಕ ಕೆರೆದು, ಡಬ್ಬಿ ಬಿಗಿದು, ಮೇಲೊಂದು ತಾಮ್ರದ ತಂತಿಯನ್ನೂ ಕಟ್ಟಿದೆ. ಅವನ ಮುಖ ಬಾಡಿತು.

"ಹೊರಗೆ ಬಳಿದರೆ ಸಾಲದಿತ್ತೇನೋ ಮಾರಾಯ? ಡಬ್ಬಿ ಕೆಳಗಿನ ಬಣ್ಣ ಯಾರು ನೋಡ್ತಾರೆ?"

"ಪೂಜೆ ನಿಮಗಲ್ಲ ಮಾಡಿದ್ದು" ಅಂದ. "ನೋಡಬೇಕಾದೋನು ಬಾನೆಟ್ ಎತ್ತದೇನೇ ನೋಡ್ತಾನೆ."

೪. ಕುಪ್ಪಗಡ್ಡೆಯ ಹೆರಿಗೆ

ನಾನು ಕೈ ಒರೆಸಿಕೊಳ್ಳುವಷ್ಟರಲ್ಲಿ ಕುಪ್ಪಗಡ್ಡೆಯಿಂದ ಒಬ್ಬ ಸೈಕಲ್ ತುಳಿದುಕೊಂಡು ಬಂದ. ಹೆಂಡತಿಗೆ ನಿನ್ನೆಯಿಂದ ನೋವು, ಸೂಲಗಿತ್ತಿಯ ಕೈಲಿ ಆಗುತ್ತಿಲ್ಲ, ಡಾಕ್ಟರು ಬೇಕೇಬೇಕು ಅಂದ. ಡಾಕ್ಟರು ಅವನನ್ನೂ ನನ್ನನ್ನೂ ಹತ್ತಿಸಿಕೊಂಡು ಹೊರಟರು.

ದಾರಿಯಲ್ಲಿ ಅವರ ಕಣ್ಣು ಸ್ಟಿಯರಿಂಗ್ ಮುಂದಿನ ಚಾರ್ಜು ತೋರಿಸುವ ಮುಳ್ಳಿನ ಮೇಲೆ ಬಿತ್ತು. ಇಷ್ಟು ದಿನ ಬಲಕ್ಕೆ ವಾಲಿರುತ್ತಿದ್ದದ್ದು ಈಗ ನಡುವೆ ಸುಮ್ಮನೆ ನಿಂತಿತ್ತು.

"ಮೇಸ್ತ್ರಿ, ನಾಡಿಯೇ ಇಲ್ಲವಲ್ರೀ!"

"ಹೊಟ್ಟೆ ತುಂಬಿ ಮಲಗಿದೆ ಸಾರ್. ಆರೋಗ್ಯದ ಲಕ್ಷಣ."

ಅವರು ನಂಬಲಿಲ್ಲ. ಕುಪ್ಪಗಡ್ಡೆಯಲ್ಲಿ ಇಳಿಯುವಾಗ ಡ್ರೈವರಿಗೆ, "ಇಂಜಿನ್ ಆರಿಸಬೇಡ. ಆ ತಾಯಿಯನ್ನು ಆಸ್ಪತ್ರೆಗೆ ಒಯ್ಯಬೇಕಾಗಬಹುದು, ಆಮೇಲೆ ಸ್ಟಾರ್ಟ್ ಆಗದಿದ್ದರೆ ಕಷ್ಟ" ಅಂದು ಒಳಗೆ ಓಡಿದರು. ಆರಿಸೋ ಅಂತ ನಾನು ಎಷ್ಟು ಹೇಳಿದರೂ ಡ್ರೈವರು ಕೇಳಲಿಲ್ಲ. ಬಣ್ಣ ಕೆರೆದ ಸಿಟ್ಟು ಅವನಿಗೆ ಇನ್ನೂ ಇತ್ತು.

ಮೂರು ಗಂಟೆ ಕಾರು ಗುಡುಗುಡು ಅನ್ನುತ್ತಲೇ ಇತ್ತು. ಆ ಗಂಡ ಜಗಲಿಯ ಕಂಬ ಹಿಡಿದು ನಿಂತವನು ಅಲ್ಲಾಡಲಿಲ್ಲ. ಕಡೆಗೆ ಒಳಗಿನಿಂದ ಕೂಸಿನ ಅಳು ಕೇಳಿತು. ಹೆಣ್ಣು ಮಗು, ತಾಯಿಯೂ ಕ್ಷೇಮ. ಅವನು ಅಲ್ಲೇ ಕುಸಿದು ಕೂತು ಅತ್ತ. ಅದೇ ಹೊತ್ತಿಗೆ ಕಾರು ಎರಡು ಸಲ ಕೆಮ್ಮಿ ನಿಂತುಹೋಯಿತು.

ಹೊರಗೆ ಬಂದ ಡಾಕ್ಟರು, "ನಾನು ಹೇಳಲಿಲ್ಲವೇ? ಬ್ಯಾಟರಿ ಸತ್ತಿದೆ" ಅಂದರು.

ನನ್ನ ರಿಪೇರಿಗೆ ಹಾಗನ್ನುವುದೇ? ಡ್ರೈವರನ್ನು ಸರಿಸಿ ನಾನೇ ಕೂತು ಸ್ಟಾರ್ಟರ್ ಒತ್ತಿದೆ. ಇಂಜಿನ್ನು ಹುಲಿಯ ಹಾಗೆ ತಿರುಗಿತು. "ನೋಡಿ ಸಾರ್ ಬ್ಯಾಟರೀನ!" ಮತ್ತೆ ಒತ್ತಿದೆ. "ಕೇಳಿ ಸದ್ದು!" ಎಂಟು ಹತ್ತು ಸಲ ಒತ್ತಿದೆ. ತಿರುಗುವುದೇನೋ ಜೋರು, ಕಾರು ಮಾತ್ರ ಹೊರಡಲೊಲ್ಲದು. ಟ್ಯಾಂಕಿನಲ್ಲಿ ಪೆಟ್ರೋಲು ಒಂದು ಹನಿಯೂ ಉಳಿದಿಲ್ಲ ಅನ್ನುವುದು, ಸದ್ದಿನಲ್ಲೇ ರೋಗ ಹೇಳುವ ಈ ಮೇಸ್ತ್ರಿಗೆ ಹೊಳೆಯಲೇ ಇಲ್ಲ.

ಕೈ ತೊಳೆಯಲು ಅಂಗಳಕ್ಕೆ ಬಂದ ಸೂಲಗಿತ್ತಿ ಚೆಂಬು ಹಿಡಿದುಕೊಂಡೇ ಒಂದಷ್ಟು ಹೊತ್ತು ಕೇಳಿಸಿಕೊಂಡಳು. ಆಮೇಲೆ ಡಾಕ್ಟರ ಕಡೆ ತಿರುಗಿ ಹೇಳಿದಳು:

"ನೋವು ಚೆನ್ನಾಗೇ ಬರ್ತಾ ಐತ್ರೀ. ಆದ್ರೆ ಇದು ಬಸುರೀನೇ ಅಲ್ಲ ಅಂತ ಕಾಣ್ತದೆ."