ಹನ್ನೆರಡು ಗುಲಾಬಿ

ಹೆಲ್ವಿಯನ್ನು ನಾನು ಮೊದಲು ನೋಡಿದ್ದು ಎಸ್ಟೋನಿಯಾದ ತಾರ್ತು ಪಟ್ಟಣದ ರೈಲು ನಿಲ್ದಾಣದಲ್ಲಿ, ಜುಲೈ ತಿಂಗಳ ಮೊದಲ ಸೋಮವಾರ. ಟೊರಾಂಟೊದಿಂದ ಬಂದ ಐವತ್ತೇಳರ ಹೆಂಗಸು. ನಾಲ್ಕು ವಾರಗಳ ಬೇಸಿಗೆ ತರಗತಿಯಲ್ಲಿ ಎಸ್ಟೋನಿಯನ್ ಕಲಿಯಲು ಬಂದಿದ್ದಳು. ನಿವೃತ್ತನಾಗಿ ಒಂಬತ್ತು ವರ್ಷವಾಗಿದ್ದ ನನ್ನನ್ನು ಪಾಠಕ್ಕೆ ಕರೆದಿದ್ದರು. ಅವಳ ವಾಸ ನಮ್ಮ ಮನೆಯ ಮಹಡಿಯಲ್ಲೇ.

"ಈ ತಿಂಗಳ ಕೊನೇ ಶನಿವಾರ ನಮ್ಮ ದೊಡ್ಡಮ್ಮಂಗೆ ತೊಂಬತ್ತು ತುಂಬುತ್ತೆ" ಎಂದು ಇಂಗ್ಲಿಷಿನಲ್ಲೇ ಹೇಳಿದಳು. "ಫೋನಲ್ಲಿ ನಾನು ನಮಸ್ಕಾರ ಅಂತೀನಿ, ಅವರೂ ಅಂತಾರೆ. ಆಮೇಲೆ ಇಬ್ಬರೂ ಸುಮ್ನೆ ಉಸಿರು ಕೇಳಿಸ್ಕೊಂಡು ಕೂತಿರ್ತೀವಿ. ಅಮ್ಮನ ಬಗ್ಗೆ ಒಂದು ಮಾತು ಅವರಿಗೆ ಹೇಳ್ಬೇಕು. ನನ್ನ ಬಾಯಿಂದಲೇ."

ಅವಳ ತಾಯಿ ಅಸ್ತಾ ಎರಡನೆಯ ಮಹಾಯುದ್ಧದ ಕಾಲದಲ್ಲಿ, ಆರನೆಯ ವಯಸ್ಸಿನಲ್ಲಿ, ತಂದೆಯ ಜೊತೆ ದೋಣಿ ಹತ್ತಿದವಳು. ಅಕ್ಕ ಲೈಡಾ ಇಲ್ಲೇ, ಹಾಪ್ಸಲು ಎಂಬ ಕಡಲೂರಿನ ದಡದಲ್ಲೇ ಉಳಿದಳು. ಆಮೇಲೆ ಸೋವಿಯತ್ ಆಡಳಿತ ಬಂದು ಗಡಿ ಮುಚ್ಚಿತು. ಗಡಿ ತೆರೆಯುವ ಹೊತ್ತಿಗೆ ಅಸ್ತಾಳ ಹೃದಯ ವಿಮಾನ ಹತ್ತುವಂತಿರಲಿಲ್ಲ. ಮಗಳ ಮುಂದೆ ಆಕೆ ತನ್ನ ಭಾಷೆಯನ್ನು ಆಡಲೇ ಇಲ್ಲ; ಆಡಿದರೆ ಅಳು ಬರುತ್ತಿತ್ತಂತೆ. ಹಿಂದಿನ ಚಳಿಗಾಲದಲ್ಲಿ ತೀರಿಕೊಂಡಿದ್ದಳು.

ನಾನು ಮೀಸೆ ತಿರುವಿದೆ. "ನಾಲ್ಕು ವಾರ ಕೊಡಮ್ಮ. ಹದಿನಾಲ್ಕು ವಿಭಕ್ತಿಯನ್ನೂ ನಾಲಿಗೆಗೆ ಕಟ್ಟಿ ಕಳಿಸ್ತೀನಿ. ನಾನು ಹೇಳಿಕೊಡದ್ದು ಅಂತ ಈ ದೇಶದಲ್ಲಿ ಏನೂ ಬಾಕಿ ಇರಲ್ಲ."

"ಪಾಪ, ಊಟ ಮಾಡೋಕಾದ್ರೂ ಬಿಡಿ" ಎಂದಳು ನನ್ನ ಹೆಂಡತಿ ಮೈರೆ.

ಬಿಡಲಿಲ್ಲ. ಆಲೂಗಡ್ಡೆ ಸುಲಿಯುವಾಗ ಏಕವಚನ, ಸೌನಾ ಎಂಬ ಹಬೆಸ್ನಾನದ ಕೋಣೆಯಲ್ಲಿ ಬಹುವಚನ! ಕೊನೆಯ ವಾರ ಅರ್ಧ ಪುಟದ ಭಾಷಣ ಬರೆಸಿ ಬಾಯಿಪಾಠ ಮಾಡಿಸಿದೆ. ನಾವು ಮೂವರೂ ಹಾಪ್ಸಲುವಿಗೆ ಹೊರಡುವ ಬೆಳಿಗ್ಗೆ ಅವಳೊಬ್ಬಳೇ ಮಾರುಕಟ್ಟೆಗೆ ಹೋಗಿ, ಕಾಗದ ಸುತ್ತಿದ ಗುಲಾಬಿ ಗೊಂಚಲು ತಂದಳು.

"ಒಂದೂ ತಪ್ಪಿಲ್ಲದೆ ನಿಮ್ಮ ಭಾಷೇಲೇ ಹೂ ಕೇಳಿ ತಗೊಂಡೆ ಮೇಷ್ಟ್ರೇ. ಹೂವಿನಾಕೆ ಎಷ್ಟು ಒಳ್ಳೆಯವಳು! ನನ್ನ ಕೈ ಹಿಡ್ಕೊಂಡು ಬಹಳ ಹೊತ್ತು ನಿಂತಿದ್ದಳು."

ನನ್ನ ಪಾಠದ ಮಹಿಮೆ ಎಂದುಕೊಂಡೆ.

ಹಾಪ್ಸಲುವಿನಲ್ಲಿ ಲೈಡಾಳ ಮನೆಯ ಬಾಗಿಲಲ್ಲಿ ಅವಳು ಕಾಗದ ಬಿಚ್ಚಿದಾಗ ನಾನು ಹೂ ಎಣಿಸಿದೆ. ಹನ್ನೆರಡು! ಅವಳ ಊರಿನಲ್ಲಿ ಗುಲಾಬಿ ಡಜನ್ ಲೆಕ್ಕ. ನಮ್ಮಲ್ಲಿ ಬದುಕಿರುವವರಿಗೆ ಬೆಸ ಸಂಖ್ಯೆಯ ಹೂ; ಸಮ ಸಂಖ್ಯೆ ಸತ್ತವರಿಗೆ. ಮಗುವಿಗೂ ಗೊತ್ತಿರುವ ಇದನ್ನು ಯಾವ ವಿಭಕ್ತಿಯಲ್ಲೂ ನಾನು ಹೇಳಿಕೊಟ್ಟಿರಲಿಲ್ಲ.

ಅವಳು ಎಡಗಾಲಿನ ಶೂ ಬಿಚ್ಚುವಾಗ ಗೊಂಚಲು ನನ್ನ ಕೈಗೆ ಬಂತು. ಒಂದನ್ನು ಎಳೆದು ಕೋಟಿನೊಳಗೆ ತುರುಕಿದೆ. ಬಲಗಾಲಿನದು ಬಿಚ್ಚುವಾಗ ಗೊಂಚಲು ಮೈರೆಯ ಕೈಯಲ್ಲಿತ್ತು. ಹನ್ನೊಂದು ಉಳಿಯಿತೆಂದು ನಾನು ನೆಮ್ಮದಿಯಾಗಿ ಉಸಿರುಬಿಟ್ಟೆ. ಮುಳ್ಳು ಪಕ್ಕೆಗೆ ಚುಚ್ಚಿತು.

ಲೈಡಾ ಕಿಟಕಿಯ ಬಳಿ ನೆಟ್ಟಗೆ ಕುಳಿತಿದ್ದಳು. ನೆಂಟರೆಲ್ಲ ಕಾಫಿ ಕೆಳಗಿಟ್ಟರು. ಹೂ ತೆಗೆದುಕೊಂಡು ಆಕೆ ಬೆರಳಿನಿಂದ ಒಂದೊಂದಾಗಿ ಮುಟ್ಟಿದಳು.

"ಹತ್ತು" ಎಂದಳು.

ನಾನು ಮೈರೆಯನ್ನು ನೋಡಿದೆ. ಅವಳ ಕೈಚೀಲದ ಬಾಯಿಂದ ಕೆಂಪು ಎಸಳೊಂದು ಇಣುಕುತ್ತಿತ್ತು.

"ನೀವೂ ತೆಗೆದ್ರಾ?" ಎಂದು ಪಿಸುಗುಟ್ಟಿದಳು.

"ನೀನ್ಯಾಕೆ ತೆಗೆದೆ?"

"ನಿಮಗೆ ಎಣಿಸೋಕೆ ಬರತ್ತೆ ಅಂತ ನಂಗೇನು ಗೊತ್ತು?"

ಹೆಲ್ವಿ ಕಣ್ಣಲ್ಲೇ ಹೂಗಳನ್ನು ಮತ್ತೆ ಮತ್ತೆ ಎಣಿಸುತ್ತಿದ್ದಳು. ಅವಳ ಅರ್ಧ ಪುಟದ ಭಾಷಣ ಎಲ್ಲಿಗೋ ಹೋಗಿಬಿಟ್ಟಿತ್ತು.

ಮುದುಕಿ ಉಬ್ಬಿದ್ದ ನನ್ನ ಕೋಟಿನತ್ತ ಕೈ ಚಾಚಿದಳು. "ಮೇಷ್ಟ್ರೇ, ಕೋಟಲ್ಲಿರೋದು ಕೊಡಿ. ನೀನೂ ಕೊಡಮ್ಮ." ಎರಡನ್ನೂ ಜೋಡಿಸಿ, ಗೋಡೆಯ ಮೇಲಿದ್ದ ಆರು ವರ್ಷದ ಹುಡುಗಿಯ ಪಟದ ಕೆಳಗಿಟ್ಟಳು. "ಇವೆರಡು ಅಸ್ತಾಗೆ. ಅವಳಿಗೆ ಇಲ್ಲಿಂದ ಯಾರೂ ಹೂ ಕೊಟ್ಟಿರಲಿಲ್ಲ." ಉಳಿದ ಹತ್ತರಲ್ಲಿ ಒಂದನ್ನು ಹೆಲ್ವಿಯ ಕೈಗಿತ್ತಳು. "ಇದು ನಿಂಗೆ. ಈಗ ನಂಗೆ ಒಂಬತ್ತು. ಸರಿಹೋಯ್ತು."

ಆಗ ಹೆಲ್ವಿ ಬಾಯಿ ತೆರೆದಳು. "ಅಮ್ಮ ಪ್ರತಿ ಭಾನುವಾರ ಕೆರೆ ಹೋಗು. ದೊಡ್ಡ ಕೆರೆ. ಅಮ್ಮ ಸಮುದ್ರ ಹೇಳು. ಅಕ್ಕ ಆಚೆ ದಡ ನಿಂತು ಇದೆ ಹೇಳು. ಕೈ ಬೀಸು."

ತಿದ್ದಲು ನನ್ನ ಬಾಯಿ ತೆರೆಯಿತು. ಮೈರೆ ಕಾಲು ತುಳಿದಳು.

ಲೈಡಾ ಕಿಟಕಿಯಾಚೆಯ ನೀರಿನತ್ತ ತಿರುಗಿದಳು. "ಹ್ಞೂಂ, ನಿಂತೇ ಇದ್ದೆ" ಎಂದಳು.

ಹೆಲ್ವಿ ಟೊರಾಂಟೊದ ಮನೆ ಮಾರಿ ಬಂದು ನಾಲ್ಕು ವರ್ಷವಾಯಿತು. ಈಗ ಹಾಪ್ಸಲುವಿನಲ್ಲೇ ದೊಡ್ಡಮ್ಮನಿಗೆ ದಿನವೂ ಪತ್ರಿಕೆ ಓದಿ ಹೇಳುತ್ತಾಳೆ. ಮೊನ್ನೆ ನನ್ನ ಹುಟ್ಟುಹಬ್ಬಕ್ಕೆ ಗುಲಾಬಿ ಕಳಿಸಿ ಫೋನ್ ಮಾಡಿದಳು: "ಮೇಷ್ಟ್ರೇ, ಹದಿಮೂರು ಇದ್ದಾವೆ. ನೀವಿಬ್ಬರೂ ಕೈ ಹಚ್ಚಬಾರದು ಇದೆ."

ವಾಕ್ಯದಲ್ಲೊಂದು ತಪ್ಪಿತ್ತು. ಅದಕ್ಕೂ ನಾನು ಕೈ ಹಚ್ಚಲಿಲ್ಲ.