ಮಲಗಿದ ಗೆರೆ

ತಿಮ್ಮರಾಜುವಿನ ಕಷ್ಟಕ್ಕೆ ಮೂಲ ಎಂಟಾಣೆಯ ಜೆರಾಕ್ಸು. ಎಷ್ಟು ಬಿಸಿಗೆ ಯಾವ ಉಪ್ಪು ನೀರಿನಲ್ಲಿ ಎಷ್ಟು ಕರಗುತ್ತದೆಂದು ಹೇಳುವ ಗೆರೆಗಳು ಕಾಲೇಜು ಪುಸ್ತಕದಲ್ಲಿ ಕೆಂಪು, ಹಸಿರು, ನೀಲಿಯಾಗಿದ್ದವು. ಜೆರಾಕ್ಸಿನಲ್ಲಿ ಒಂದೇ ತಾಯಿಯ ಮಕ್ಕಳಂತೆ ಎಲ್ಲವೂ ಕಪ್ಪು. ಹೆಸರುಗಳಿದ್ದ ಅಂಚನ್ನಂತೂ ಯಂತ್ರವೇ ನುಂಗಿತ್ತು.

ಮಡಕಶಿರಾ ಕಡೆಯ ಈ ಬಿಎಸ್ಸಿ, ರಾಯದುರ್ಗದ ಪೆದ್ದಣ್ಣನ ಜೀನ್ಸ್ ಬಣ್ಣದ ಶೆಡ್ಡಿಗೆ ಒಂದು ದಿನದ ಪರೀಕ್ಷೆಗೆಂದು ಬಂದಿದ್ದ. ಬಣ್ಣ ಬಟ್ಟೆಯನ್ನು ಕಚ್ಚಲು ಉಪ್ಪುನೀರು ಬೇಕು. ನೀರು ಹಿಡಿಸುವಷ್ಟೂ ಉಪ್ಪಿರಬೇಕು, ಹರಳು ಮಾತ್ರ ಉಳಿಯಬಾರದು. ಉಳಿದರೆ ಪ್ಯಾಂಟಿಗೆ ಸಿಡುಬು. ಹೋದ ವಾರ ಎರಡು ಸಲ ಸಿಡುಬೆದ್ದ ಮೇಲೆಯೇ ಪೆದ್ದಣ್ಣ "ಓದಿದೋರು ಬೇಕು" ಎಂದು ಊರೆಲ್ಲ ಹೇಳಿಸಿದ್ದು. ಕೆಲಸ ಸಿಕ್ಕರೆ ಗುಡಿಬಂಡೆಯ ಹುಡುಗಿ ಸೌಭಾಗ್ಯ ತಿಮ್ಮರಾಜುವಿಗೆ. ಇಲ್ಲದಿದ್ದರೆ ಅವಳಪ್ಪ ನೋಡಿಟ್ಟ ಬಸ್ ಕಂಡಕ್ಟರಿಗೆ.

ಹತ್ತು ವರ್ಷದಿಂದ ಉಪ್ಪು ಹಾಕುತ್ತಿದ್ದ ಓಬಮ್ಮ, ಹೊಗೆಯಾಡುವ ಚಹಾದ ಸ್ಟೀಲು ಲೋಟವನ್ನು ಬರಿಗೈಯಲ್ಲಿ ಹಿಡಿದು ಕೂತಿದ್ದಳು.

"ಎಷ್ಟ್ ಚೀಲ ಹಾಕ್ಲಿರಿ, ಸಾರು?"

"ಇನ್ನೂರು ಲೀಟ್ರು ನೀರು, ಎಂಬತ್ತು ಡಿಗ್ರಿ... ಮುನ್ನೂರ ನಲವತ್ತು ಕೇಜಿ. ಹದಿನಾಕು ಚೀಲ ಕಣಕ್ಕ."

"ಹದಿನಾಕಾ! ಉಪ್ಪಿನ್ಕಾಯಿ ಹಾಕ್ತೀರೇನ್ರಿ? ಇಷ್ಟು ನೀರಿಗೆ ಮೂರು ಸಾಕ್ರಿ."

"ಇಲ್ನೋಡಕ್ಕ, ಬಿಸಿ ಏರ್ದಂಗೆ ಗೆರೆ ಹೆಂಗೆ ಬೆಟ್ಟ ಹತ್ತೈತೆ!"

"ಕೆಳಗ ಒಂದು ಮಲಗೇತಲ್ರಿ, ಅದ್ಯಾವುದು?"

"ಅದು ಜೆರಾಕ್ಸಿನ ಗೀಟು. ಕುದಿಸಿದ್ರೂ ಏಳ್ದೇ ಇರೋ ಉಪ್ಪು ಎಲ್ಲಾನ ಐತಾ?"

ನಾಲ್ಕನೆಯ ಚೀಲಕ್ಕೆ ಡ್ರಮ್ಮಿನ ತಳ ಕರಕರ ಹಲ್ಲು ಕಡಿಯಿತು. ಐದನೆಯದಕ್ಕೆ ಕಲಕುವ ಕೋಲು, ಕೈಬಿಟ್ಟರೂ ಬೀಳದೆ ಹೆಡ್ ಮಾಸ್ತರಂತೆ ನೆಟ್ಟಗೆ ನಿಂತಿತು. ಪಕ್ಕದ ಹೊಲಿಗೆ ಶೆಡ್ಡಿನಿಂದ ಈರಕ್ಕ ಇಣುಕಿದಳು. "ಮುದ್ದಿ ತಿರುವಾಕ ಹತ್ತೀರೇನ್ರಿ? ಎಸರು ಕಡಿಮಿ ಆಗೇತಿ!"

"ಬೆಂಕಿ ಸಾಲ್ದು, ಸೌದೆ ಹಾಕಿ!" ಎಂದ ತಿಮ್ಮರಾಜು. ತಾನೇ ಕೋಲು ಹಿಡಿದು ಕಲಕಿದ. ಅಂಗೈಯಲ್ಲಿ ಬೊಬ್ಬೆ ಎದ್ದು ಒಡೆದವು. ಏಳನೆಯ ಚೀಲಕ್ಕೆ ಡ್ರಮ್ಮು ಉಕ್ಕಿತು. ಒಲೆ ಬುಸ್ಸೆಂದು ಆರಿತು. ಆ ಹಬೆಯೊಳಗಿಂದ ಬಂದವನು ಪೆದ್ದಣ್ಣ.

"ಆರ್ನೂರು ಪ್ಯಾಂಟು ಕಾಯಾಕ ಹತ್ಯಾವು. ಏನಪ್ಪ ಇದು?"

ತಿಮ್ಮರಾಜು ಮಲಗಿದ್ದ ಗೆರೆಯನ್ನು ಬೆರಳಿನಿಂದ ಅಳೆದ. ನೂರಕ್ಕೆ ಮೂವತ್ತೆಂಟು. ಇನ್ನೂರಕ್ಕೆ ಎಪ್ಪತ್ತಾರು. ಅಂದರೆ ಇಪ್ಪತ್ತೈದು ಕೇಜಿಯ ಚೀಲ, ಸರಿಯಾಗಿ ಮೂರು. ಮಲಗಿದ್ದೇ ಅಡುಗೆ ಉಪ್ಪಿನ ಗೆರೆ; ತಾನು ಹತ್ತಿದ ಬೆಟ್ಟ ಪಟಾಕಿಗೆ ಹಾಕುವ ಪೆಟ್ಲುಪ್ಪಿನದು.

"ನಿಂಗೆಂಗೆ ಗೊತ್ತಾಯ್ತಕ್ಕ?"

"ಸ್ವಲ್ಪ ಸ್ವಲ್ಪ ಹಾಕ್ತ ನೀರು ಕೈಮ್ಯಾಗ ಬಿಟ್ಕೊಳ್ಳೋದ್ರಿ. ಬಿರುಕಿನಾಗ ಉರಿ ಏರ್ತೈತಿ. ಇನ್ನ ಏರಲ್ದು ಅಂದ್ರ ನೀರು ತುಂಬೇತಿ ಅಂತ." ಅಂಗೈ ತೋರಿಸಿದಳು. ಹಳೇ ಚಪ್ಪಲಿಯ ಅಟ್ಟೆ. "ಈಗೀಗ ಉರೀನೇ ತಿಳಿಯಂಗಿಲ್ರಿ. ಬೋರಿನ ನೀರು ಹೆಚ್ಚುಕಮ್ಮಿ ಬಂದ ದಿನ ಲೆಕ್ಕ ತಪ್ತೈತಿ."

"ಸಾರ್, ಈಗ ಸರಿಯಾದ ಗೆರೆ ಸಿಕ್ತು!" ಎಂದು ತಿಮ್ಮರಾಜು ಗೋಗರೆದ. "ಇನ್ನೊಂದು ಅವಕಾಶ ಕೊಡಿ."

ಪೆದ್ದಣ್ಣ ಕಾಗದವನ್ನು ಕಿತ್ತು ಒಲೆಯ ಬೂದಿಗೆ ಎಸೆದ. ಆಮೇಲೆ ಜ್ಯೋತಿಷಿಯಂತೆ ತಿಮ್ಮರಾಜುವಿನ ಅಂಗೈ ಬಿಡಿಸಿ, ಒಡೆದ ಬೊಬ್ಬೆಗಳನ್ನು ಹೆಬ್ಬೆರಳಿನಿಂದ ಒತ್ತಿದ.

"ಅಯ್ಯಪ್ಪಾ!"

"ಭೇಷ್. ನಾಳಿಂದ ನೌಕರಿ ಖಾಯಂ."

ತಿಮ್ಮರಾಜುವಿನ ಕಣ್ಣ ಮುಂದೆ ಸೌಭಾಗ್ಯ ಬಂದು ನಿಂತಳು. ಕಂಡಕ್ಟರು ಸೀಟಿ ಊದಿ ಬಸ್ಸು ಹತ್ತಿಹೋದ.

"ಅಂದ್ರೆ... ಲೆಕ್ಕ ಒಪ್ಪಿದ್ರಾ ಸಾರ್?"

"ಲೆಕ್ಕ ಯಾರಿಗೆ ಬೇಕಪ್ಪ? ಹೊಲದಾಗ ದುಡದೋರ ಕೈ ಆದ್ರ ಮೊದ್ಲೇ ಸತ್ತಿರ್ತಾವ. ಓದಿದೋರ ಕೈ ಮೆತ್ತಗ ಇರ್ತಾವ. ಅದಕ್ಕ ಹುಡುಕ್ಸಿದ್ದು."

ಓಬಮ್ಮ ಆಗಲೇ ಇನ್ನೊಂದು ಡ್ರಮ್ಮಿಗೆ ಉಪ್ಪು ಸುರಿದು, ಮಗ್ಗಿನಲ್ಲಿ ನೀರು ತಂದು ಅವನ ಅಂಗೈಗೆ ಸುರಿದಳು.

"ಏರ್ತೈತೇನ್ರಿ?"

"ಅಯ್ಯಯ್ಯೋ... ಏರ್ತೈತಕ್ಕ, ಏರ್ತೈತೆ!"

"ಹೆದರಬ್ಯಾಡ್ರಿ ಸಾರು," ಎಂದು ಓಬಮ್ಮ ಸಮಾಧಾನ ಹೇಳಿದಳು. "ಹತ್ತು ವರ್ಷಕ್ಕ ತಾನೇ ಮಲಗ್ತೈತಿ."