ಒಂಟಿತನದ ಅಂಕಪಟ್ಟಿ

ಅಮೆರಿಕದ ಡುಲೂತ್ ನಗರದ ಚರ್ಚಿನ ನೆಲಮಾಳಿಗೆಯಲ್ಲಿ ಗುರುವಾರದ ಕಾಫಿ ಕೂಟಕ್ಕೆ ಬರುವ ವೃದ್ಧರು ವರ್ಷ ಕಳೆಯುವಷ್ಟರಲ್ಲಿ ಇನ್ನಷ್ಟು ಒಂಟಿಯಾಗಿದ್ದರು. ಹಾಗೆಂದು ಲೊವೆಲ್ ಹಾಗೆನ್‌ನ ಕೋಷ್ಟಕ ಸಾರುತ್ತಿತ್ತು. ವೃದ್ಧರಿಂದ ಪ್ರಶ್ನೆಯ ಹಾಳೆ ತುಂಬಿಸಿ, ಕೂಟದಿಂದ ಏನು ಪ್ರಯೋಜನವಾಯಿತೆಂದು ಅಳೆಯುವುದೇ ಅವನ ಉದ್ಯೋಗ. ಅನುದಾನ ನೀಡುವ ಪ್ರತಿಷ್ಠಾನಕ್ಕೆ ಅಂದು ಸಂಜೆಯೊಳಗೆ ವರದಿ ತಲುಪಬೇಕು; ವರದಿ ಕೆಟ್ಟರೆ ಕೂಟವೂ ಇಲ್ಲ, ಅವನ ಕೆಲಸವೂ ಇಲ್ಲ.

"ಎಲ್ರೂ ಐದಕ್ಕೆ ಐದು ಒಂಟಿ!" ಕೂಟದ ನಿರ್ದೇಶಕಿ ಗ್ಲೆಂಡಾ ಕಾಗದವನ್ನು ಕೊಳೆತ ಮೀನಿನಂತೆ ಬೆರಳ ತುದಿಯಲ್ಲಿ ಹಿಡಿದಳು. "ಏನ್ರೀ ಲೊವೆಲ್, ಕಾಫಿ ಕುಡಿಸಿ ಅಳಿಸ್ತಿದೀವಾ ನಾವು? ಹೋಗಿ ವಿಚಾರಿಸ್ಕೊಂಡ್ ಬನ್ನಿ."

ಮನುಷ್ಯನ ಎದೆಯ ಶೂನ್ಯವನ್ನು ಒಂದರಿಂದ ಐದರವರೆಗಿನ ಅಂಕಿಗಳಲ್ಲಿ ತೂಗಹೊರಟ ಈ ಕಾಲದ ಅಹಂಕಾರಕ್ಕೆ ಏನೆನ್ನೋಣ! ಲೊವೆಲ್‌ಗೆ ಆ ಪ್ರಶ್ನೆ ಹೊಳೆಯಲಿಲ್ಲ. ಅವನು ನೆಲಮಾಳಿಗೆಗೆ ಓಡಿದ.

ಅಲ್ಲಿ ನಗೆಯ ಅಬ್ಬರಕ್ಕೆ ಕಿಟಕಿಯ ಗಾಜು ಅದುರುತ್ತಿತ್ತು. ಎಂಬತ್ತೆರಡರ ಅಲ್ಮಾ ಕೋಸ್ಕಿ ಬೆಣ್ಣೆ ಸವರಿದ ಲೆಫ್ಸೆ ರೊಟ್ಟಿ ಮೆಲ್ಲುತ್ತ ಇಸ್ಪೀಟು ಹಂಚುತ್ತಿದ್ದಳು.

"ಅಜ್ಜೀ, ತುಂಬಾ ಒಂಟಿ ಅಂತ ಬರ್ದಿದೀರಲ್ಲ?"

"ಎಲ್ಲಪ್ಪಾ ಬರ್ದೆ? ನೀನು ಪಾಪ, ಇಷ್ಟು ಓಡಾಡ್ತೀಯ ಅಂತ ಐದಕ್ಕೆ ಐದು ಮಾರ್ಕು ಕೊಟ್ಟಿದೀನಿ!"

"ನಾನೂ ಅಷ್ಟೆ," ಎಂದ ಮುದುಕ ರೂನ್. "ಹೆಂಡ್ತೀನ ಪಕ್ಕದಲ್ಲಿ ಕೂರಿಸ್ಕೊಂಡೇ ಐದು ಹಾಕ್ದೆ."

"ಗೊತ್ತಿಲ್ದೇನೇ ನಿಜ ಬರ್ದಿದಾನೆ ಬಿಡಿ," ಎಂದಳು ಹೆಂಡತಿ.

ಲೊವೆಲ್ ಹೊಸ ಹಾಳೆ ಹಂಚಿದ. "ಐದು ಅಂದ್ರೆ ತುಂಬಾ ಒಂಟಿ. ಒಂಟಿ ಅಲ್ಲ ಅನ್ನೋರು ಒಂದು ಹಾಕ್ಬೇಕು."

"ಒಂದಾ?" ಅಲ್ಮಾ ಹೌಹಾರಿದಳು. "ಅಷ್ಟು ಕಮ್ಮಿ ಕೊಟ್ರೆ ನಿನ್ ಮರ್ಯಾದೆ ಏನಾಗ್ಬೇಕು? ಮೂರಾದ್ರೂ ಇಟ್ಕೊ."

"ದಮ್ಮಯ್ಯ ಅಜ್ಜೀ, ಒಂಟಿ ಅಲ್ದಿದ್ರೆ ಒಂದೇ ಹಾಕಿ!"

ತನ್ನನ್ನು ಅನುತ್ತೀರ್ಣಗೊಳಿಸಿರೆಂದು ಗುರುಗಳ ಕಾಲು ಹಿಡಿಯುವ ವಿದ್ಯಾರ್ಥಿಯಂತೆ ಅವನು ಮೇಜಿನಿಂದ ಮೇಜಿಗೆ ಅಲೆದ. ಕೊನೆಗೆ ನಲವತ್ತು ಹಾಳೆಗಳಲ್ಲಿ ನಲವತ್ತು ಒಂದುಗಳು ಬಿದ್ದವು. ರೂನ್ ಮಾತ್ರ ಹೆಂಡತಿಯ ಮುಖ ನೋಡಿ ನೋಡಿ ಬರೆದ. ವರದಿ ಹೋಯಿತು.

ಅರ್ಧ ಗಂಟೆಯಲ್ಲಿ ಪ್ರತಿಷ್ಠಾನದ ಅಧಿಕಾರಿಯ ಫೋನು ಬಂತು.

"ಅಭಿನಂದನೆ ಕಣ್ರೀ ಹಾಗೆನ್! ಇಂಥ ಫಲಿತಾಂಶ ನಾವು ಕಂಡೇ ಇಲ್ಲ. ಒಬ್ರೂ ಒಂಟಿ ಅಲ್ಲ!"

"ಹಾಗಾದ್ರೆ ಸಾರ್, ಮುಂದಿನ ವರ್ಷಕ್ಕೆ..."

"ಮುಂದಿನ ವರ್ಷ ಯಾಕ್ರೀ? ಒಂಟಿತನ ಹೋಗಲಾಡಿಸ್ಬೇಕಿತ್ತು, ಹೋಯ್ತು. ಈ ವಾರಕ್ಕೇ ಕೂಟ ಮುಚ್ಚಿ. ನಿಮ್ ಕೆಲ್ಸಾನೂ ಮುಗೀತು. ಇಷ್ಟು ಅಚ್ಚುಕಟ್ಟಾಗಿ ಯಾರ್ರೀ ಮುಗಿಸ್ತಾರೆ!"